ಪೋರೂರಿನ ಮಹಡಿ ಮನೆ, ಒಂದು ತಲೆಬರಹ

ಮದುವೆಯಾಗಿ ನಾನು ಮದ್ರಾಸಿಗೆ ಬಂದದ್ದು 2003ರ ಮೇ ತಿಂಗಳಲ್ಲಿ. ಊರಿನ ಹೆಸರು ಚೆನ್ನೈ ಅಂತ ಬದಲಾಗಿ ಆಗಲೇ ಏಳು ವರ್ಷವಾಗಿತ್ತು. ಆದರೆ ತಿಪಟೂರಿನ ನಮ್ಮ ಮನೆಯಲ್ಲಿ ಅದು ಇವತ್ತಿಗೂ ಮದ್ರಾಸೇ. "ಅಲ್ಲಿ ಬಿಸಿಲು, ಉಪ್ಪುನೀರು, ಮೇಲೆ ಕಾವೇರಿ ಜಗಳ ಬೇರೆ. ಹ್ಯಾಗಿರ್ತೀಯೇ?" ಅಂತ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು. ಅಜ್ಜಿ ಹೇಳಿದ ಮೂರೂ ನಿಜವಾಗಿದ್ದವು. ಆ ವರ್ಷ, ಅದರ ಮುಂದಿನ ವರ್ಷ ಚೆನ್ನೈನಲ್ಲಿ ನೀರಿಗೆ ಎಂಥಾ ಬರ ಅಂದರೆ, ಲಾರಿ ಬಂದ ಸದ್ದು ಕೇಳಿದರೆ ಹೊಸ ಸೊಸೆಯಂದಿರು ಸಹ ಬಿಂದಿಗೆ ಹಿಡಿದು ಬೀದಿಗೆ ಓಡಬೇಕಿತ್ತು. ನಾನು ತಮಿಳು ಕಲಿತದ್ದು ಆ ಸಾಲಿನಲ್ಲಿ ನಿಂತೇ.

ನಮ್ಮ ಮನೆ ಇದ್ದದ್ದು ಪೋರೂರಿನಲ್ಲಿ. ಆರ್ಕಾಟ್ ರಸ್ತೆ ಬಂದು ಮೌಂಟ್-ಪೂನಮಲ್ಲಿ ರಸ್ತೆಗೆ ಸೇರುವ ಜಂಕ್ಷನ್ ಇದೆಯಲ್ಲ, ಅಲ್ಲಿಂದ ಕುಂದ್ರತ್ತೂರು ಕಡೆಗೆ ಸ್ವಲ್ಪ ದೂರ ನಡೆದರೆ ಒಂದು ಅಡ್ಡರಸ್ತೆ. ಅದರೊಳಗೆ ಮೊದಲ ಮಹಡಿಯ ಎರಡು ಕೋಣೆಯ ಬಾಡಿಗೆ ಮನೆ. ಕೆಳಗೆ ಓನರ್ ಅಮ್ಮ. ಆಗ ಅವರಿಗೆ ಐವತ್ತರ ಆಸುಪಾಸು. ಗಂಡ ತೀರಿಕೊಂಡಿದ್ದರು, ಮಕ್ಕಳು ದೂರದಲ್ಲಿದ್ದರು. ಪುದುಕ್ಕೋಟೈ ಜಿಲ್ಲೆಯವರು. ನಾನು ಕನ್ನಡದವಳು ಅಂತ ಗೊತ್ತಾದ ದಿನ "ನೀರು ಬಿಡದ ಊರಿನವಳಾ?" ಅಂತ ನಗುತ್ತಲೇ ಕೇಳಿ, ಒಳಗೆ ಹೋಗಿ ಒಂದು ಚೊಂಬು ಕುಡಿಯೋ ನೀರು ತಂದುಕೊಟ್ಟಿದ್ದರು. ಆ ಮನುಷ್ಯಳನ್ನು ನಾನು ಬೇರೆ ಹೇಗೆ ವರ್ಣಿಸಲಿ?

ಇವರು ಗಿಂಡಿಯ ಕಂಪನಿಗೆ ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುತ್ತಿದ್ದುದು ರಾತ್ರಿ. ನನ್ನ ಹತ್ತಿರ ಇದ್ದದ್ದು ಕನ್ನಡ ಎಂ.ಎ. ಅದನ್ನಿಟ್ಟುಕೊಂಡು ಪೋರೂರಿನಲ್ಲಿ ಏನು ಮಾಡೋದು ಹೇಳಿ? ತ್ಯಾಗರಾಯನಗರದ ಕರ್ನಾಟಕ ಸಂಘಕ್ಕೆ ಹೋಗಿ ಬಂದರೆ ಒಂದು ದಿನ ಮನಸ್ಸಿಗೆ ಹಿತವಾಗುತ್ತಿತ್ತು, ಅಷ್ಟೆ. ಕೊನೆಗೆ ಓದುವಾಗ ಜೊತೆಗಿದ್ದ ಗೆಳತಿಯೊಬ್ಬಳು ಕೈ ಹಿಡಿದಳು. ಅವಳಿದ್ದ ಸಣ್ಣ ಪತ್ರಿಕೆಯೊಂದಕ್ಕೆ ಕ್ರೀಡಾ ಪುಟದ ಇಂಗ್ಲಿಷ್ ಸುದ್ದಿಗಳನ್ನು ಕನ್ನಡ ಮಾಡಿಕೊಡೋ ಕೆಲಸ. ಒಂದು ಸುದ್ದಿಗೆ ಇಷ್ಟು ಅಂತ ಲೆಕ್ಕ. ಸಂಜೆ ಬ್ರೌಸಿಂಗ್ ಸೆಂಟರಿಗೆ ಹೋಗಿ ಇ-ಮೇಲ್ ತೆಗೆಯೋದು, 'ಬರಹ'ದಲ್ಲಿ ಟೈಪ್ ಮಾಡೋದು, ಕಳಿಸೋದು. ಮಗಳು ಹುಟ್ಟಿದ ಮೇಲೆ ಅವಳನ್ನು ಕೆಳಗೆ ಓನರ್ ಅಮ್ಮನ ಮಡಿಲಿಗೆ ಹಾಕಿ ಓಡುತ್ತಿದ್ದೆ. ಕ್ರೀಡೆಯ ಗಂಧಗಾಳಿ ಇಲ್ಲದ ನಾನು ಹೀಗೆ ಕ್ರೀಡಾ ಪುಟದವಳಾದೆ.

2006ರ ಡಿಸೆಂಬರ್ 9. ದೋಹಾದಲ್ಲಿ ಏಷ್ಯನ್ ಕ್ರೀಡಾಕೂಟ. ಮಹಿಳೆಯರ 800 ಮೀಟರ್ ಓಟದಲ್ಲಿ ಬಹ್ರೇನಿನ ಮರಿಯಂ ಯೂಸುಫ್ ಜಮಾಲ್ ಚಿನ್ನ, ನಮ್ಮ ಶಾಂತಿ ಸೌಂದರರಾಜನ್ ಬೆಳ್ಳಿ. ಕಾಲ 2 ನಿಮಿಷ 3.16 ಸೆಕೆಂಡು. ಶಾಂತಿ ಪುದುಕ್ಕೋಟೈ ಜಿಲ್ಲೆಯ ಕತ್ತಕ್ಕುರಿಚ್ಚಿಯವರು. ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುತ್ತಿದ್ದ ದಲಿತ ದಂಪತಿಯ ಮಗಳು. ಓನರ್ ಅಮ್ಮನ ಸಂಭ್ರಮ ನೋಡಬೇಕಿತ್ತು. "ನಮ್ಮ ಊರು ಪೊಣ್ಣು ಮಾ!" ಅಂತ ಬೀದಿಯ ನಾಲ್ಕು ಮನೆಗೆ ಕೇಸರಿಬಾತ್ ಹಂಚಿದರು. ನಾನೂ ಹುರುಪಿನಲ್ಲಿ ಬರೆದೆ: ಶಾಂತಿ ಬೆಳ್ಳಿ ಗೆದ್ದರು, ಬಡತನವನ್ನು ಮೆಟ್ಟಿ ನಿಂತರು. ಗೆದ್ದರು, ನಿಂತರು. ಈ 'ರು'ಗಳನ್ನು ದಯವಿಟ್ಟು ನೆನಪಿನಲ್ಲಿಡಿ.

ಒಂಬತ್ತು ದಿನ ಕಳೆದಿತ್ತು. ಬ್ರೌಸಿಂಗ್ ಸೆಂಟರಿನಲ್ಲಿ ತೆರೆದ ಇ-ಮೇಲಿನಲ್ಲಿ ಅದೇ ಹೆಸರು. ಲಿಂಗ ಪರೀಕ್ಷೆಯಲ್ಲಿ ವಿಫಲ, ಪದಕ ಹೋಗಲಿದೆ ಅಂತ. ನನಗೆ ಅರ್ಥವಾಗಲಿಲ್ಲ. ಗಣಿತದಲ್ಲಿ ಫೇಲಾಗೋದು ಗೊತ್ತು, ಹೆಣ್ಣಾಗಿರೋದರಲ್ಲಿ ಫೇಲಾಗೋದು ಹೇಗೆ? ಯೋಚಿಸೋದಕ್ಕೆ ಪುರುಸೊತ್ತಿರಲಿಲ್ಲ. ಗೆಳತಿ ಎರಡು ಸಲ ಫೋನ್ ಮಾಡಿದ್ದಳು: "ಬೇಗ ಕಳ್ಸೇ, ಪುಟ ಕಾಯ್ತಾ ಇದೆ. ತಲೆಬರಹ ಖಡಕ್ಕಾಗಿರ್ಲಿ." ನಾನು ಖಡಕ್ಕಾಗಿಯೇ ಕೊಟ್ಟೆ. 'ಲಿಂಗ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಳು ಬೆಳ್ಳಿ ಶಾಂತಿ!' ಕೊನೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಕೂಡ ನನ್ನದೇ. ಒಳಗಿನ ಸುದ್ದಿಯಲ್ಲಿ 'ಈಕೆ ಹೆಣ್ಣೇ ಅಲ್ಲ' ಅಂತ ಒಂದು ವಾಕ್ಯ ಸೇರಿಸಿದೆ. ಬಂದ ಇಂಗ್ಲಿಷ್ ಸುದ್ದಿಯಲ್ಲಿ ಆ ವಾಕ್ಯ ಇರಲಿಲ್ಲ.

ಮನೆಗೆ ಬಂದರೆ ಓನರ್ ಅಮ್ಮ ಟಿ.ವಿ. ಮುಂದೆ ಕೂತಿದ್ದರು. ಚಾನೆಲ್ಲಿನವರು ಹಳ್ಳಿ, ಮನೆ ಎಲ್ಲ ತೋರಿಸುತ್ತಿದ್ದರು. ನನ್ನ ಮಗಳು ಅವರ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಅವರು ತಿರುಗಿ ನೋಡದೆ ತಮಿಳಿನಲ್ಲಿ ಕೇಳಿದರು: "ಇಷ್ಟು ಜನ ಮಾತಾಡ್ತಿದಾರಲ್ಲ, ಹೆತ್ತವಳನ್ನ ಒಬ್ಬರಾದರೂ ಕೇಳಿದರಾ?" ಆವತ್ತು ನಾನು ಏನು ಬರೆದು ಬಂದೆ ಅಂತ ಅವರಿಗೆ ಹೇಳಲಿಲ್ಲ. ಹೇಳಿದ್ದರೂ ಅವರಿಗೆ ಕನ್ನಡ ಓದೋಕೆ ಬರೋಲ್ಲ ಅನ್ನೋದೇ ನನಗೊಂದು ಧೈರ್ಯ.

ಆಮೇಲೆ ನಿಧಾನವಾಗಿ ವಿಷಯ ತಿಳಿಯುತ್ತಾ ಹೋಯಿತು. ಶಾಂತಿಯವರಿಗಿದ್ದದ್ದು ಆಂಡ್ರೊಜನ್‌ಗೆ ದೇಹ ಸ್ಪಂದಿಸದ ಸ್ಥಿತಿ ಅಂತ ವರದಿಗಳು ಬಂದವು. ಹಾಗಂದರೆ ವರ್ಣತಂತುಗಳನ್ನು ನೋಡಿದರೆ ಗಂಡಿನ ಎಕ್ಸ್-ವೈ. ಆದರೆ ಗಂಡುತನ ತರುವ ಹಾರ್ಮೋನು ಎಷ್ಟೇ ಇರಲಿ, ಅದರ ಮಾತನ್ನು ದೇಹ ಕೇಳಿಸಿಕೊಳ್ಳುವುದಿಲ್ಲ. ಹೀಗಾಗಿ ಮಗು ಹೆಣ್ಣಾಗಿಯೇ ಹುಟ್ಟುತ್ತದೆ, ಹೆಣ್ಣಾಗಿಯೇ ಬೆಳೆಯುತ್ತದೆ. ಇಂಥವರಲ್ಲಿ ಎಷ್ಟೋ ಜನಕ್ಕೆ ಮುಟ್ಟಾಗದಿದ್ದಾಗಲೇ ಇದು ಗೊತ್ತಾಗೋದು. ಇದು ಹೊಸ ವಿಷಯವೂ ಆಗಿರಲಿಲ್ಲ. 1985ರಲ್ಲೇ ಜಪಾನಿನ ಕೋಬೆಯ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಜ್ ಪಟಿನೋ ಅವರಿಗೆ ಇದೇ ಕಾರಣಕ್ಕೆ ಇದೇ ಗತಿಯಾಗಿತ್ತು. ಅವರು ಹೋರಾಡಿ 1988ರಲ್ಲಿ ಮತ್ತೆ ಓಡುವ ಹಕ್ಕು ಪಡೆದರು. 1968ರಿಂದ ಒಲಿಂಪಿಕ್ಸ್‌ನಲ್ಲಿ ಎಲ್ಲ ಮಹಿಳೆಯರಿಗೂ ನಡೆಸುತ್ತಿದ್ದ ಪರೀಕ್ಷೆಯನ್ನು ಒಲಿಂಪಿಕ್ ಸಮಿತಿ 1999ರಲ್ಲಿ ಕೈಬಿಟ್ಟಿತ್ತು. ಅನುಮಾನ ಬಂದವರನ್ನು ಮಾತ್ರ ಪರೀಕ್ಷಿಸುವ ಪದ್ಧತಿ ಉಳಿದುಕೊಂಡಿತ್ತು. ಅನುಮಾನ ಬರೋದು ಯಾರ ಮೇಲೆ? ಗುಂಗುರು ಕೂದಲು ಕತ್ತರಿಸಿಕೊಂಡ, ಎದೆ ಚಪ್ಪಟೆಯಾದ, ದನಿ ಗಡಸಾದ ಹುಡುಗಿಯರ ಮೇಲೆ. ಅಂದರೆ ನೋಟವೇ ಮೊದಲ ಪರೀಕ್ಷೆ.

ಶಾಂತಿ ಮೋಸ ಮಾಡಿರಲಿಲ್ಲ. ತಿಳಿಯದ್ದನ್ನು ಮುಚ್ಚಿಡೋದು ಹೇಗೆ? ಆದರೆ 'ಸಿಕ್ಕಿಬಿದ್ದಳು' ಅನ್ನೋ ನನ್ನ ಒಂದು ಕ್ರಿಯಾಪದ ಅವರನ್ನು ಕಳ್ಳರ ಸಾಲಿಗೆ ಸೇರಿಸಿಬಿಟ್ಟಿತ್ತು. ಇಂಗ್ಲಿಷಿನಲ್ಲಿ 'ಶಿ' ಅಂದರೆ ಮುಗಿಯಿತು, ಅದರಲ್ಲಿ ಮರ್ಯಾದೆಯೂ ಇಲ್ಲ, ಅವಮರ್ಯಾದೆಯೂ ಇಲ್ಲ. ನಮ್ಮ ಕನ್ನಡದಲ್ಲಿ ಹಾಗಲ್ಲ ನೋಡಿ. ಓಡಿದನು, ಓಡಿದಳು, ಓಡಿತು, ಓಡಿದರು. ಗಂಡೋ ಹೆಣ್ಣೋ, ದೊಡ್ಡವರೋ ಚಿಕ್ಕವರೋ, ಮನುಷ್ಯರೋ ಅಲ್ಲವೋ, ಎಲ್ಲವೂ ಬಾಲದಲ್ಲೇ ಇದೆ. ಪದಕ ಗೆದ್ದಾಗ ನಾನು ಶಾಂತಿಯವರಿಗೆ 'ರು' ಕೊಟ್ಟೆ, ಪದಕ ಹೋದಾಗ ಅದನ್ನು ಕಿತ್ತುಕೊಂಡೆ. ದೋಹಾದವರು ಪದಕ ತೆಗೆದುಕೊಂಡರು. 'ರು' ತೆಗೆದದ್ದು ಪೋರೂರಿನಲ್ಲಿ ಕೂತಿದ್ದ ನಾನು.

ತಮಾಷೆ ಅಂದರೆ, ಗಂಡೋ ಹೆಣ್ಣೋ ಎಂಬ ಗೊಂದಲದಲ್ಲಿ ಕನ್ನಡಕ್ಕೆ ಇರುವಷ್ಟು ಒಳ್ಳೆಯ ದಾರಿ ಇಂಗ್ಲಿಷಿಗಿಲ್ಲ. ಅನುಮಾನವಿದ್ದರೆ 'ಅವರು' ಅಂದರಾಯಿತು, ಯಾರಿಗೂ ನೋವಿಲ್ಲ. ನಮ್ಮ ಅಜ್ಜಿಯಂಥವರು ಗುರುತಿಲ್ಲದವರನ್ನು ಮಾತಾಡಿಸುವಾಗ ಬಳಸುತ್ತಿದ್ದುದು ಅದನ್ನೇ. ಎಂ.ಎ. ಓದಿದ ನನಗೆ ಹೊಳೆಯಲಿಲ್ಲ.

ಆಮೇಲಿನ ಸುದ್ದಿಗಳನ್ನು ನಾನು ಹರಿದು ಟ್ರಂಕಿನಲ್ಲಿಡುತ್ತಾ ಬಂದೆ. ಮುಖ್ಯಮಂತ್ರಿ ಕರುಣಾನಿಧಿಯವರು 15 ಲಕ್ಷ ರೂಪಾಯಿ ಬಹುಮಾನ ಕೊಟ್ಟದ್ದು. ಆ ಹಣದಲ್ಲಿ ಶಾಂತಿ ಊರಿನ ಬಡ ಮಕ್ಕಳಿಗೆ ಓಟ ಕಲಿಸಲು ಹೊರಟದ್ದು. 2007ರಲ್ಲಿ ಜೀವ ಕಳೆದುಕೊಳ್ಳಲು ಯತ್ನಿಸಿದರು ಎಂಬ ಸುದ್ದಿ. 2012ರಲ್ಲಿ ಅದೇ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುತ್ತಿದ್ದಾರೆಂಬ ವರದಿ. ಆ ವರದಿಯಿಂದ ದೇಶ ಸ್ವಲ್ಪ ನಾಚಿಕೊಂಡಿತು ಅಂತ ಕಾಣುತ್ತೆ. 2013ರಲ್ಲಿ ಅವರು ನಮ್ಮ ಬೆಂಗಳೂರಿಗೇ ಬಂದು ಸಾಯ್ ಕೇಂದ್ರದಲ್ಲಿ ತರಬೇತುದಾರರ ಡಿಪ್ಲೊಮಾಗೆ ಸೇರಿದರು. 2016ರಲ್ಲಿ ತಮಿಳುನಾಡು ಸರ್ಕಾರ ಕಾಯಂ ಕೋಚ್ ಕೆಲಸ ಕೊಟ್ಟಿತು. ಒಂದೇ ಊರಿನ ಪತ್ರಿಕೆಗಳು ಒಬ್ಬರನ್ನು ಕೆಡವಿದವು, ಆರು ವರ್ಷದ ಮೇಲೆ ಅವೇ ಎತ್ತಿದವು. ಎರಡನ್ನೂ ಹೇಳಬೇಕು.

ಅದೇ ದೋಹಾದಲ್ಲಿ 4x400 ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದ ಬಂಗಾಳದ ಪಿಂಕಿ ಪ್ರಾಮಾಣಿಕ್ ಅವರ ಕಥೆ ಇನ್ನೂ ಕೆಟ್ಟದ್ದು. 2012ರಲ್ಲಿ ಅವರು ಗಂಡಸೆಂದು ಆರೋಪಿಸಿ ಬಂಧಿಸಲಾಯಿತು. ವೈದ್ಯಕೀಯ ಪರೀಕ್ಷೆಯ ವಿಡಿಯೋ ಸೋರಿ ಮೊಬೈಲಿಂದ ಮೊಬೈಲಿಗೆ ಹರಿದಾಡಿತು. 2014ರಲ್ಲಿ ಕಲ್ಕತ್ತಾ ಹೈಕೋರ್ಟ್ ಆರೋಪಗಳನ್ನು ವಜಾ ಮಾಡಿತು. ಬಂಧನದ ಸುದ್ದಿ ಮುಖಪುಟದಲ್ಲಿ ಓದಿದ್ದವರಲ್ಲಿ ಎಷ್ಟು ಜನ ವಜಾ ಆದ ಸುದ್ದಿ ಓದಿದರೋ. ಓಟಗಾರ್ತಿ ದ್ಯುತಿ ಚಂದ್ ಮಾತ್ರ ಬಿಡಲಿಲ್ಲ. 2014ರ ಕಾಮನ್‌ವೆಲ್ತ್ ಕೂಟದಿಂದ ಕೈಬಿಟ್ಟಾಗ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋಗಿ, 2015ರ ಜುಲೈನಲ್ಲಿ ಆ ಹಾರ್ಮೋನು ನಿಯಮವನ್ನೇ ತಡೆಹಿಡಿಸಿದರು.

ಈ ಯಾರೂ ಟ್ರಾನ್ಸ್‌ಜೆಂಡರ್ ಅಲ್ಲ. ಆದರೂ ಸುದ್ದಿಗಳಲ್ಲಿ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದರು. ವ್ಯತ್ಯಾಸ ನನಗೆ ಕಲಿಸಿದ್ದು ಚೆನ್ನೈಯೇ. ನಾನು ಬಂದಾಗ ಇಲ್ಲಿ 'ಅರವಾಣಿ' ಅನ್ನುತ್ತಿದ್ದರು. ಬರಬರುತ್ತಾ 'ತಿರುನಂಗೈ' ಅನ್ನೋ ಗೌರವದ ಮಾತು ಬಂತು, ಪತ್ರಿಕೆಗಳೂ ಅದನ್ನೇ ಬಳಸತೊಡಗಿದವು. 2008ರಲ್ಲಿ ರಾಜ್ಯ ಸರ್ಕಾರ ಅವರಿಗಾಗಿ ಕಲ್ಯಾಣ ಮಂಡಳಿ ಮಾಡಿತು. ಅದೇ ವರ್ಷ ವಿಜಯ್ ಟಿ.ವಿ.ಯಲ್ಲಿ ರೋಸ್ ಎಂಬ ತಿರುನಂಗೈ ತಮ್ಮದೇ ಹೆಸರಿನ ಕಾರ್ಯಕ್ರಮ ನಡೆಸುತ್ತಿದ್ದರು. ಓನರ್ ಅಮ್ಮ ಮೊದಲ ವಾರ ಮೂಗು ಮುರಿದರು, ಮೂರನೇ ವಾರ ರೋಸ್ ಉಟ್ಟ ಸೀರೆಯ ಬಗ್ಗೆ ಮಾತಾಡಿದರು. ಗಂಡಾಗಿ ಹುಟ್ಟಿ ತಾನು ಹೆಣ್ಣೆಂದು ಬಾಳುವವರು ಬೇರೆ, ಹೆಣ್ಣಾಗಿಯೇ ಹುಟ್ಟಿ ಬೆಳೆದು ದೇಹದೊಳಗೆ ಬೇರೆ ಲೆಕ್ಕ ಇರುವವರು ಬೇರೆ. ಮೊದಲನೆಯವರ ವಿಷಯದಲ್ಲೂ ಸುದ್ದಿಯ ಅಳತೆ ವಿಚಿತ್ರ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ನ್ಯೂಜಿಲೆಂಡಿನ ಟ್ರಾನ್ಸ್‌ಜೆಂಡರ್ ಭಾರ ಎತ್ತುಗಾರ್ತಿ ಲಾರೆಲ್ ಹಬ್ಬರ್ಡ್ ಬರುತ್ತಾರೆಂದಾಗ ಜಗತ್ತೇ ಮುಳುಗಿತೆಂಬಂತೆ ಬರೆದರು. ಅವರು ಮೂರು ಯತ್ನಗಳಲ್ಲೂ ವಿಫಲರಾಗಿ ವಾಪಸು ಹೋದರು. ಸುದ್ದಿ ಅಲ್ಲಿಗೆ ಸಣ್ಣದಾಯಿತು. ಅದೇ ವರ್ಷ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಕನ್ನಡ ಪತ್ರಿಕೆಗಳು 'ಅವರು' ಅಂತಲೇ ಬರೆದಿದ್ದನ್ನು ಕಂಡು ನನ್ನ ಕಣ್ಣು ತುಂಬಿತ್ತು. ನಮಗೂ ಬರುತ್ತೆ. ಮನಸ್ಸು ಮಾಡಬೇಕು ಅಷ್ಟೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಕಥೆ ನಮ್ಮ ಮನೆಯೊಳಗೇ ಬಂತು.

ಮಗಳು ನನ್ನ ಹಾಗಲ್ಲ. ಅವರ ಅಪ್ಪನ ಮನೆ ಕಡೆಯ ಎತ್ತರ, ಉದ್ದ ಕಾಲು. ದನಿ ಸ್ವಲ್ಪ ದಪ್ಪ. ಬೆವರಿಗೆ ತಾಳಲಾರೆ ಅಂತ ಕೂದಲು ಕತ್ತರಿಸಿಕೊಂಡಿದ್ದಳು. ಬೆಳಿಗ್ಗೆ ಐದಕ್ಕೆದ್ದು ಪೋರೂರು ಕೆರೆಯ ಕಡೆ ಓಡಲು ಹೋಗುತ್ತಿದ್ದಳು. 2018ರಲ್ಲಿ, ಹದಿಮೂರು ತುಂಬಿ ಹದಿನಾಲ್ಕರಲ್ಲಿದ್ದಾಗ, ಶಾಲೆಗಳ ನಡುವಿನ ಕೂಟವೊಂದರಲ್ಲಿ 400 ಮೀಟರ್ ಓಡಿ ಮೊದಲು ಬಂದಳು. ನಾನು ನೀರಿನ ಬಾಟಲಿ ಹಿಡಿದು ಹತ್ತಿರ ಹೋಗುವಷ್ಟರಲ್ಲಿ ಇನ್ನೊಂದು ಮಗುವಿನ ತಂದೆ ಪಿ.ಟಿ. ಮಾಸ್ಟರ ಜೊತೆ ಜೋರಾಗಿ ಮಾತಾಡುತ್ತಿದ್ದರು. "ಇದು ಪೊಣ್ಣಾ, ಪೈಯನಾ? ನೋಡಿದರೆ ಗೊತ್ತಾಗಲ್ವಾ?" ಮಾಸ್ಟರು ಮುಜುಗರದಿಂದ ನನ್ನ ಕಡೆ ತಿರುಗಿ, "ಮೇಡಂ, ತಪ್ಪು ತಿಳಿಯಬೇಡಿ, ಒಂದು ಸರ್ಟಿಫಿಕೇಟ್ ಏನಾದರೂ..." ಅಂದರು. ಜನನ ಪ್ರಮಾಣಪತ್ರ ತರಲು ಇವರು ಸ್ಕೂಟರಿನಲ್ಲಿ ಮನೆಗೆ ಓಡಿದರು. ಆ ಮುಕ್ಕಾಲು ಗಂಟೆ ಮಗಳು ಕಣದ ಅಂಚಿನಲ್ಲಿ, ಎರಡೂ ಕೈ ಎದೆಗೆ ಕಟ್ಟಿಕೊಂಡು ನಿಂತಿದ್ದಳು. ಎಲ್ಲರೂ ಅವಳನ್ನು ನೋಡುತ್ತಿದ್ದರು. ನೋಟವೇ ಮೊದಲ ಪರೀಕ್ಷೆ ಅಂದೆನಲ್ಲ, ಅದನ್ನು ನಾನು ಓದಿ ಕಲಿತದ್ದಲ್ಲ.

ಕಾಗದ ಬಂತು, ಪದಕ ಕೊಟ್ಟರು. ಅವಳು ಅದನ್ನು ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ಐದು ಗಂಟೆಯ ಅಲಾರಂ ನಿಂತುಹೋಯಿತು. ಕೂದಲು ಬಿಟ್ಟಳು. ಓನರ್ ಅಮ್ಮ, ಅಂದರೆ ಅವಳ ಪಾಟಿ, ತಿಂಗಳುಗಟ್ಟಲೆ ಅವಳ ತಲೆಗೆ ಎಣ್ಣೆ ಹಚ್ಚುತ್ತಾ ಏನೂ ಕೇಳಲಿಲ್ಲ.

ಆ ವರ್ಷದ ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ. ಚೆನ್ನೈನಲ್ಲಿ ಬೆಳೆಯೋ ಕನ್ನಡದ ಮಕ್ಕಳ ಪಾಡು ನಿಮಗೆ ಗೊತ್ತಿರಬಹುದು: ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಓದೋಕೆ ಕನ್ನಡ ಬರೋದಿಲ್ಲ. ಹಟ ಹಿಡಿದು ನಾನೇ ಅಕ್ಷರ ಕಲಿಸಿದ್ದೆ. ಓದಲು ಏನಾದರೂ ಕೊಡು ಅಂದಾಗ, ನಾನು ಅಡುಗೆಮನೆಯಿಂದಲೇ "ಟ್ರಂಕಿನಲ್ಲಿ ನನ್ನ ಹಳೇ ಪೇಪರ್ ಇದಾವೆ ನೋಡು" ಅಂದುಬಿಟ್ಟೆ. 2015ರ ಡಿಸೆಂಬರ್ ಮಳೆಯಲ್ಲಿ ಕೆರೆ ತುಂಬಿ ನಮ್ಮ ಸುತ್ತಮುತ್ತ ನೀರು ನುಗ್ಗಿದಾಗಲೂ ಮಹಡಿಯ ಮೇಲಿದ್ದ ಆ ಟ್ರಂಕು ನೆನೆಯದೆ ಉಳಿದಿತ್ತು. ನೆನೆದಿದ್ದರೆ ಚೆನ್ನಾಗಿತ್ತು.

ಅವಳು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಳು. "ಲಿಂ-ಗ ಪ-ರೀ-ಕ್ಷೆ-ಯ-ಲ್ಲಿ... ಸಿ-ಕ್ಕಿ-ಬಿ-ದ್ದ-ಳು..." ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಅಮ್ಮಾ, ಸಿಕ್ಕಿಬೀಳೋದು ಕಳ್ಳರು ಅಲ್ವಾ? ಇವರು ಏನು ಕದ್ದಿದ್ರು?"

"ಏನೂ ಕದ್ದಿರಲಿಲ್ಲ ಕಣೇ."

"ಮತ್ತೆ ಯಾರು ಹೀಗೆ ಬರೆದದ್ದು?"

ಹೆಸರು ಹಾಕದ ಸುದ್ದಿ ಅದು. ಸುಳ್ಳು ಹೇಳಬಹುದಿತ್ತು. "ನಾನೇ" ಅಂದೆ.

ಅವಳು ಬಯ್ಯಲಿಲ್ಲ, ಅಳಲಿಲ್ಲ. ಸ್ವಲ್ಪ ಹೊತ್ತು ಕಾಗದವನ್ನೇ ನೋಡಿ, "ಆವತ್ತು ಗ್ರೌಂಡಲ್ಲಿ ಆ ಅಂಕಲ್ ಹೇಳಿದ್ದನ್ನೇ ನೀನು ಪೇಪರಲ್ಲಿ ಹೇಳಿದೀಯ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆಮೇಲೆ ಇಡೀ ಕಥೆ ಹೇಳಿದೆ. ಕತ್ತಕ್ಕುರಿಚ್ಚಿ, ದೋಹಾ, ಇಟ್ಟಿಗೆ ಗೂಡು, ಬೆಂಗಳೂರು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಈಗ ಅವರು ಓಟ ಕಲಿಸ್ತಾರಾ?" ಕಲಿಸ್ತಾರೆ ಅಂದೆ. "ಹಾಗಾದ್ರೆ ಹೇಗೆ ಬರೀಬೇಕಿತ್ತು, ಬರಿ ನೋಡೋಣ" ಅಂತ ಪೆನ್ನು ಕೊಟ್ಟಳು. ಹಳೆ ಲಕೋಟೆಯ ಹಿಂದೆ ಬರೆದೆ: 'ಶಾಂತಿ ಅವರ ಬೆಳ್ಳಿ ಪದಕ ವಾಪಸು, ವೈದ್ಯಕೀಯ ಪರೀಕ್ಷೆ ಕಾರಣ'. "ಇಷ್ಟೇನಾ? ಇದು ಚೆನ್ನಾಗೇ ಇದೆಯಲ್ಲ" ಅಂದಳು. ಚೆನ್ನಾಗೇ ಇತ್ತು. ಎರಡು ಕಾಲಮ್ಮಿಗೆ ಸರಿಯಾಗಿ ಹಿಡಿಸುತ್ತಲೂ ಇತ್ತು.

ಕೆಲವು ವಾರಗಳ ಮೇಲೆ ಅಲಾರಂ ಮತ್ತೆ ಐದಕ್ಕೆ ಬಡಿಯಿತು. ನನ್ನ ತಪ್ಪೊಪ್ಪಿಗೆಯಿಂದಲೇ ಹಾಗಾಯಿತು ಅಂತ ನಾನು ಹೇಳಿಕೊಳ್ಳಲಾರೆ. ಮಕ್ಕಳು ತಮ್ಮ ಕಾರಣಕ್ಕೆ ತಾವು ಏಳುತ್ತಾರೆ.

ಈಗ ಅವಳು ಕಾಲೇಜು ಮುಗಿಸುವ ಹೊತ್ತು. 2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಲ್ಜೀರಿಯಾದ ಬಾಕ್ಸರ್ ಇಮಾನ್ ಖಲೀಫ್ ಅವರೆದುರು ಇಟಲಿಯ ಆಂಜೆಲಾ ಕರೀನಿ 46 ಸೆಕೆಂಡಿಗೇ ಆಟ ಬಿಟ್ಟಾಗ, ತಿಪಟೂರಿನ ನಮ್ಮ ಬಂಧುಗಳ ವಾಟ್ಸ್ಯಾಪ್ ಗುಂಪಿಗೆ 'ಹೆಣ್ಣಿಗೆ ಹೊಡೆದ ಗಂಡಸು' ಅಂತ ಚಿತ್ರ ಬಂತು. ಖಲೀಫ್ ಹೆಣ್ಣಾಗಿಯೇ ಹುಟ್ಟಿ ಬೆಳೆದವರು, ಟ್ರಾನ್ಸ್‌ಜೆಂಡರ್ ಅಲ್ಲ ಅಂತ ಒಲಿಂಪಿಕ್ ಸಮಿತಿ ಹೇಳಿದ ಮೇಲೂ ಚಿತ್ರ ಸುತ್ತುತ್ತಲೇ ಇತ್ತು. ನಮ್ಮ ಚಿಕ್ಕಪ್ಪನಿಗೆ ನಾನು ಫೋನ್ ಮಾಡಿ, "ಚಿಕ್ಕಪ್ಪ, ಅದನ್ನ ಅಳಿಸಿಬಿಡಿ" ಅಂದೆ. "ಎಲ್ಲರೂ ಹಾಕ್ತಿದಾರಲ್ಲಮ್ಮ" ಅಂದರು. ನಾನೂ ಒಂದು ಕಾಲದಲ್ಲಿ ಎಲ್ಲರೂ ಬರೆದದ್ದನ್ನೇ ಬರೆದವಳು, ಹಾಗಾಗಿ ಜಗಳವಾಡಲಿಲ್ಲ. ಕಥೆ ಹೇಳಿದೆ. ಸಂಜೆ ಚಿತ್ರ ಹೋಗಿತ್ತು.

ಓಟದ ಕಣದಲ್ಲಿ ನ್ಯಾಯ ಯಾವುದು ಅನ್ನೋ ಪ್ರಶ್ನೆ ಸುಳ್ಳಲ್ಲ. ನಾಲ್ಕನೆಯವಳಾಗಿ ಬಂದ ಹುಡುಗಿಯೂ ಯಾವುದೋ ಊರಿನಲ್ಲಿ ಐದಕ್ಕೆ ಎದ್ದವಳೇ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2023ರಲ್ಲಿ, ಗಂಡಾಗಿ ಪ್ರಾಯಕ್ಕೆ ಬಂದ ಟ್ರಾನ್ಸ್‌ಜೆಂಡರ್ ಮಹಿಳೆಯರಿಗೆ ಮಹಿಳಾ ವಿಭಾಗದಲ್ಲಿ ಪ್ರವೇಶವಿಲ್ಲ ಎಂದಿತು. 2025ರ ಸೆಪ್ಟೆಂಬರ್ 1ರಿಂದ ವಿಶ್ವ ಮಟ್ಟದ ಮಹಿಳಾ ಸ್ಪರ್ಧೆಗಳಿಗೆ ಒಂದು ಜೀನ್ ಪರೀಕ್ಷೆಯನ್ನೂ ಕಡ್ಡಾಯ ಮಾಡಿತು. ಅದು ಸರಿಯೋ ತಪ್ಪೋ ಬಲ್ಲವರು ವಾದಿಸಲಿ. ಪರೀಕ್ಷೆಯ ಫಲಿತಾಂಶ ಬಂದ ಸಂಜೆ ಯಾವುದೋ ಊರಿನ ಮೇಜಿನ ಮುಂದೆ ಕೂತವರೊಬ್ಬರು ಅದಕ್ಕೊಂದು ಕ್ರಿಯಾಪದ ಹುಡುಕುತ್ತಿರುತ್ತಾರೆ. ನಾನು ಹೇಳೋದು ಅವರಿಗೆ.

ನಾವೀಗ ಅದೇ ರಸ್ತೆಯ ತುದಿಯಲ್ಲಿ ಸ್ವಂತ ಫ್ಲಾಟಿನಲ್ಲಿದ್ದೇವೆ. ಜಂಕ್ಷನ್ನಿನಲ್ಲಿ 2016ರಲ್ಲಿ ಮೇಲ್ಸೇತುವೆ ತೆರೆಯಿತು, ಆಮೇಲೆ ಮೆಟ್ರೊ ಕಂಬಗಳೂ ಎದ್ದವು. ಓನರ್ ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ಮೊನ್ನೆ ಕಾಫಿ ಕುಡಿಯುತ್ತಾ, ಟಿ.ವಿ.ಯಲ್ಲಿ ಯಾವುದೋ ಓಟ ಬರುತ್ತಿದ್ದಾಗ, ಮತ್ತೆ ಅದೇ ಮಾತು ಕೇಳಿದರು.

"ನಮ್ಮ ಊರು ಪೊಣ್ಣುಗೆ ಮೆಡಲ್ ವಾಪಸು ಕೊಟ್ಟರಾ, ಕಣ್ಣು?"

"ಇನ್ನೂ ಇಲ್ಲಮ್ಮಾ" ಅಂದೆ.

"ಕೊಟ್ಟರೆ ನೀನೇ ಮೊದಲು ಬರಿ. ನಿಮ್ಮ ಊರಿನ ಪೇಪರಿಗೆ" ಅಂದರು. ಇಷ್ಟು ವರ್ಷವಾದರೂ ಅವರಿಗೆ ಆ ತಲೆಬರಹದ ವಿಷಯ ನಾನು ಹೇಳಿಲ್ಲ. ಈ ಪುಸ್ತಕ ಬಂದ ಮೇಲೆ, ಇದನ್ನು ತಮಿಳಿನಲ್ಲಿ ಓದಿ ಹೇಳು ಅಂತ ಮಗಳಿಗೆ ಹೇಳಿದ್ದೇನೆ. ಅವಳ ಕನ್ನಡ ಈಗ ಚೆನ್ನಾಗಿದೆ.